ಸ್ಲೈಡ್ ಓದಬಲ್ಲವರಿಗೆ ಕೆಲಸ ಎಲ್ಲಿದೆ?

ಡೆಂಗಿ ಹಬ್ಬಿದ ತಿಂಗಳುಗಳಲ್ಲಿ ಕರ್ನಾಟಕದ ಮನೆಮನೆಯಲ್ಲೂ ಕೇಳಿಬರುವ ಮಾತು ಪ್ಲೇಟ್‌ಲೆಟ್ ಕೌಂಟ್. 2024ರಲ್ಲಂತೂ ಹಾವಳಿ ಎಷ್ಟಿತ್ತೆಂದರೆ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸಬೇಕಾಯಿತು. ಯಂತ್ರ 22 ಸಾವಿರ ಎಂದು ತೋರಿಸಿದರೆ ಮನೆಯವರ ಜಂಘಾಬಲವೇ ಉಡುಗುತ್ತದೆ, ರಕ್ತನಿಧಿಗೆ ಓಡುತ್ತಾರೆ. ಒಳ್ಳೆಯ ಲ್ಯಾಬಿನಲ್ಲಿ ಆ ಸಂಖ್ಯೆ ನೇರವಾಗಿ ವರದಿಗೆ ಇಳಿಯುವುದಿಲ್ಲ. ತಂತ್ರಜ್ಞೆ ಅದೇ ಟ್ಯೂಬಿನಿಂದ ಒಂದು ಹನಿ ತೆಗೆದು ಗಾಜಿನ ಮೇಲೆ ಎಳೆದು, ಲೀಶ್‌ಮನ್ ಬಣ್ಣ ಹಾಕಿ, ಸ್ಮಿಯರಿನ ಬಾಲದ ಅಂಚನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾಳೆ. ಕೆಲವರ ರಕ್ತದಲ್ಲಿ ಟ್ಯೂಬಿನ ಇಡಿಟಿಎ ರಾಸಾಯನಿಕಕ್ಕೇ ಪ್ಲೇಟ್‌ಲೆಟ್‌ಗಳು ಗುಂಪುಗುಂಪಾಗಿ ಅಂಟಿಕೊಳ್ಳುತ್ತವೆ. ಆ ಗುಂಪನ್ನು ಯಂತ್ರ ಪ್ಲೇಟ್‌ಲೆಟ್ ಎಂದು ಗುರುತಿಸುವುದಿಲ್ಲ. ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ರಕ್ತ ತೆಗೆದು ಎಣಿಸಿ, ಟ್ಯೂಬಿನ ದ್ರವ ಬೆರೆತದ್ದಕ್ಕೆ ಶೇಕಡ 10 ಸೇರಿಸಿದರೆ ನಿಜವಾದ ಲೆಕ್ಕ ಒಂದೂವರೆ ಲಕ್ಷ ದಾಟಿರಬಹುದು. ಹತ್ತು ನಿಮಿಷ ಕಣ್ಣಿಟ್ಟು ನೋಡಿದ್ದರಿಂದ ಒಬ್ಬ ರೋಗಿಗೆ ಬೇಡದ ರಕ್ತಪೂರಣ ತಪ್ಪುತ್ತದೆ.

ಹೀಗೆ ಜೀವಕೋಶಗಳನ್ನು ನೋಡಿ, ಎಣಿಸಿ, ಬೇರ್ಪಡಿಸಿ ರೋಗದ ಸುಳಿವು ಹಿಡಿಯುವ ವಿದ್ಯೆಯನ್ನು ಕಲಿತವರಿಗೆ ಮುಂದೆ ದಾರಿ ಏನು? ಪಿಯುಸಿ ಮುಗಿಸಿ ನೀಟ್‌ನಲ್ಲಿ ಸೀಟು ಸಿಗದ ಸಾವಿರಾರು ಮಕ್ಕಳು, ಅವರ ತಂದೆತಾಯಿಯರು ಪ್ರತಿ ವರ್ಷ ಕೇಳುವ ಪ್ರಶ್ನೆ ಇದು. ಕಾಲೇಜುಗಳ ಜಾಹೀರಾತು ನೂರಕ್ಕೆ ನೂರು ಉದ್ಯೋಗ, ಮೇಲೆ ವಿದೇಶ ಎನ್ನುತ್ತದೆ. ವರ್ಷಗಟ್ಟಲೆ ಲ್ಯಾಬಿನಲ್ಲಿ ದುಡಿದು ಬೇಸತ್ತವರು, ಎಲ್ಲ ಮೆಷಿನ್ನೇ ಮಾಡುತ್ತದೆ, ಈ ಕಡೆ ಬರಲೇಬೇಡಿ ಎನ್ನುತ್ತಾರೆ. ಈ ಕ್ಷೇತ್ರವನ್ನು ಹತ್ತಿರದಿಂದ ನೋಡುತ್ತ ಬಂದ ನನಗೆ ಎರಡೂ ಅರ್ಧ ಸತ್ಯವಾಗಿ ಕಾಣುತ್ತವೆ. ಕೆಲಸ ಇದೆ, ಆದರೆ ಹತ್ತು ವರ್ಷಗಳ ಹಿಂದೆ ಇದ್ದ ಜಾಗದಲ್ಲಿ ಇಲ್ಲ. ಅದು ಸಿಗುವುದು ಪ್ರಮಾಣಪತ್ರದ ಮೇಲಿನ ಕೋರ್ಸಿನ ಹೆಸರಿನಿಂದಲೂ ಅಲ್ಲ. ಕಲಿಯುವಾಗ ಎಷ್ಟು ಸ್ಲೈಡು ನೋಡಿದಿರಿ, ಯಾರ ಪಕ್ಕ ಕೂತು ನೋಡಿದಿರಿ ಎಂಬುದರ ಮೇಲೆ ಬಹುಪಾಲು ನಿಂತಿದೆ.

ಈ ವೃತ್ತಿ ಹುಟ್ಟಿದ್ದೇ ಗರ್ಭಕೊರಳಿನ ಕ್ಯಾನ್ಸರಿನಿಂದ. ಗ್ರೀಸ್‌ನಿಂದ ಅಮೆರಿಕಕ್ಕೆ ಹೋದ ಜಾರ್ಜ್ ಪಾಪನಿಕೊಲೌ ನ್ಯೂಯಾರ್ಕಿನ ಕಾರ್ನೆಲ್‌ನಲ್ಲಿ ಯೋನಿದ್ರವದ ಸ್ಮಿಯರಿನಲ್ಲೇ ಕ್ಯಾನ್ಸರ್ ಕೋಶಗಳನ್ನು ಗುರುತಿಸಬಹುದೆಂದು 1928ರಲ್ಲೇ ಹೇಳಿದರು. ಯಾರೂ ಕಿವಿಗೊಡಲಿಲ್ಲ. 1941ರಲ್ಲಿ ಹರ್ಬರ್ಟ್ ಟ್ರೌಟ್ ಜೊತೆ ಬರೆದ ಪ್ರಬಂಧ, 1943ರ ಪುಸ್ತಕ ಬಂದ ಮೇಲೆ ಜಗತ್ತು ತಿರುಗಿ ನೋಡಿತು. ಅವರ ಹೆಂಡತಿ ಆಂಡ್ರೊಮಾಕಿ ವರ್ಷಗಟ್ಟಲೆ ತಮ್ಮದೇ ಮಾದರಿ ಕೊಟ್ಟು, ಅದೇ ಲ್ಯಾಬಿನಲ್ಲಿ ಸಂಬಳವಿಲ್ಲದೆ ದುಡಿದದ್ದನ್ನು ಹೇಳದೆ ಈ ಕಥೆ ಹೇಳಬಾರದು. ಲಕ್ಷಾಂತರ ಮಹಿಳೆಯರ ಸ್ಮಿಯರ್ ನೋಡಲು ವೈದ್ಯರು ಎಲ್ಲಿಂದ ಬರಬೇಕು? ಹಾಗಾಗಿ ಸೈಟೋಟೆಕ್ನಾಲಜಿಸ್ಟ್ ಎಂಬ ಹೊಸ ವರ್ಗವೇ ಹುಟ್ಟಿತು. ಮೊದಲು ಅವರು ನೋಡಬೇಕು, ಅನುಮಾನವಿದ್ದದ್ದನ್ನು ಪೆಥಾಲಜಿಸ್ಟ್ ಮುಂದಿಡಬೇಕು.

ಆ ನೋಡುವಿಕೆ ಹೇಗಿರುತ್ತದೆಂದು ಸ್ವಲ್ಪ ಹತ್ತಿರದಿಂದ ಕಾಣಬೇಕು. ಪಾಪನಿಕೊಲೌ ಹೆಸರನ್ನು ಮೊಟಕುಗೊಳಿಸಿ ಕರೆಯುವ ಒಂದು ಸಾಂಪ್ರದಾಯಿಕ ಪ್ಯಾಪ್ ಸ್ಲೈಡಿನ ಮೇಲೆ ಐವತ್ತು ಸಾವಿರದಿಂದ ಮೂರು ಲಕ್ಷದವರೆಗೆ ಕೋಶಗಳಿರಬಹುದು. ಸ್ಮಿಯರ್ ವರದಿಯ ಬೆಥೆಸ್ಡಾ ಪದ್ಧತಿಯ ಪ್ರಕಾರ ಕನಿಷ್ಠ ಎಂಟರಿಂದ ಹನ್ನೆರಡು ಸಾವಿರ ಸ್ಪಷ್ಟ ಕೋಶಗಳಿಲ್ಲದಿದ್ದರೆ ಆ ಸ್ಲೈಡು ಲೆಕ್ಕಕ್ಕೇ ಇಲ್ಲ. ತಂತ್ರಜ್ಞೆ ಹತ್ತರ ಲೆನ್ಸಿನಲ್ಲಿ ಸ್ಲೈಡನ್ನು ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಸರಿಸುತ್ತಾಳೆ. ಗದ್ದೆ ಉಳುವವನು ಸಾಲಿಗೆ ಸಾಲು ತಾಗಿಸಿ ಹೋಗುವಂತೆ ಪ್ರತಿ ಪಟ್ಟಿಯೂ ಹಿಂದಿನದನ್ನು ಒಂದಿಷ್ಟು ಮುಚ್ಚಿಕೊಂಡೇ ಸಾಗಬೇಕು, ನಡುವೆ ಒಂದು ಗೆರೆಯೂ ಬಿಟ್ಟುಹೋಗಬಾರದು. ತಿಳಿನೀಲಿ, ಗುಲಾಬಿ, ಕಿತ್ತಳೆ ಬಣ್ಣದ ಚಪ್ಪಟೆ ಕೋಶಗಳ ಹಿಂಡಿನ ನಡುವೆ ಎಲ್ಲೋ ಒಂದು ಕಡೆ ನ್ಯೂಕ್ಲಿಯಸ್ ದೊಡ್ಡದಾಗಿ, ಅಂಚು ಮುದುಡಿ, ಒಳಗೆ ಕಪ್ಪು ಹರಳುಗಟ್ಟಿದ ಐದಾರು ಕೋಶ. ಅಲ್ಲೇ ನಿಲ್ಲಿಸಿ, ನಲವತ್ತರ ಲೆನ್ಸಿಗೆ ಹೋಗಿ, ಶಾಯಿಯಿಂದ ಪಕ್ಕದಲ್ಲೊಂದು ಚುಕ್ಕೆ. ಆ ಚುಕ್ಕೆ ತಪ್ಪಿದರೆ ಪೆಥಾಲಜಿಸ್ಟ್ ಅದನ್ನು ನೋಡುವುದೇ ಇಲ್ಲ. ಹೆಚ್ಚಿನ ಸ್ಲೈಡುಗಳಲ್ಲಿ ರೋಗವಿರುವುದಿಲ್ಲ, ಈ ಕೆಲಸದ ಕಷ್ಟವೆಲ್ಲ ಅಲ್ಲೇ ಇದೆ. ಏನೂ ಇಲ್ಲದ ಸ್ಲೈಡುಗಳ ಮೇಲೆ ದಿನವಿಡೀ ಗಮನ ಚೂರೂ ಸಡಿಲಾಗಬಾರದು.

ಆ ಗಮನವನ್ನು ಗುತ್ತಿಗೆ ಲೆಕ್ಕದಲ್ಲಿ ಹಿಂಡಿದರೆ ಏನಾಗುತ್ತದೆಂದು ಅಮೆರಿಕ ಕಂಡಿದೆ. ಸ್ಲೈಡಿಗೆ ಇಷ್ಟು ಎಂದು ಕೂಲಿ ಕೊಟ್ಟು ರಾಶಿಗಟ್ಟಲೆ ಓದಿಸುತ್ತಿದ್ದ ಲ್ಯಾಬುಗಳ ಬಗ್ಗೆ ವಾಲ್ಟ್ ಬೊಗ್ಡಾನಿಚ್ 1987ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್‌ನಲ್ಲಿ ಬರೆದರು. ಮರುವರ್ಷ ಅವರಿಗೆ ಪುಲಿಟ್ಜರ್ ಬಂತು, ಅದೇ ವರ್ಷ ಸಂಸತ್ತು ಕಾನೂನು ತಂದಿತು. ಅದರ ಫಲವಾಗಿ ಅಲ್ಲಿ ಒಬ್ಬರು 24 ಗಂಟೆಯಲ್ಲಿ 100ಕ್ಕಿಂತ ಹೆಚ್ಚು ಸ್ಲೈಡ್ ನೋಡುವಂತಿಲ್ಲ. ನಮ್ಮಲ್ಲೂ ಇಂಥ ಮಿತಿಯನ್ನು ಕಾನೂನಿನಲ್ಲೇ ಬರೆಯಬೇಕೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಅದು ರೋಗಿಯ ರಕ್ಷಣೆಯೂ ಹೌದು, ಕೆಲಸಗಾರರ ರಕ್ಷಣೆಯೂ ಹೌದು.

ಆದರೆ ಈ ವೃತ್ತಿಯ ಬೇರಾಗಿದ್ದ ಪ್ಯಾಪ್ ಓದುವ ಕೆಲಸವೇ ಈಗ ಶ್ರೀಮಂತ ದೇಶಗಳಲ್ಲಿ ಕುಗ್ಗುತ್ತಿದೆ. ಗರ್ಭಕೊರಳಿನ ಕ್ಯಾನ್ಸರಿಗೆ ಎಚ್‌ಪಿವಿ ವೈರಸ್ ಕಾರಣವೆಂದು ಖಚಿತವಾದ ಮೇಲೆ, ಮೊದಲು ವೈರಸ್ ಪರೀಕ್ಷೆ ಮಾಡಿ, ಅದು ಪಾಸಿಟಿವ್ ಬಂದವರ ಸ್ಮಿಯರನ್ನು ಮಾತ್ರ ನೋಡುವ ಕ್ರಮ ಬಂತು. ನೆದರ್‌ಲ್ಯಾಂಡ್ಸ್ ಮತ್ತು ಆಸ್ಟ್ರೇಲಿಯ 2017ರಲ್ಲಿ, ಇಂಗ್ಲೆಂಡ್ 2019ರಲ್ಲಿ ಹೀಗೆ ಬದಲಾದವು. ಇಂಗ್ಲೆಂಡಿನಲ್ಲಿ ನಲವತ್ತಕ್ಕೂ ಹೆಚ್ಚಿದ್ದ ಗರ್ಭಕೊರಳು ಸ್ಮಿಯರಿನ ಲ್ಯಾಬುಗಳು 8ಕ್ಕೆ ಇಳಿದವು. ಇಡೀ ಜೀವಮಾನ ಒಂದೇ ಬಗೆಯ ಸ್ಲೈಡ್ ಓದಿದ ಅನುಭವಿಗಳು ಬೇರೆ ಕೆಲಸ ಕಲಿಯಬೇಕಾಯಿತು, ಇಲ್ಲವೇ ಮನೆಗೆ ಹೋಗಬೇಕಾಯಿತು. ವಿದೇಶದಲ್ಲಿ ಪ್ಯಾಪ್ ಓದುತ್ತಲೇ ಬದುಕು ಕಟ್ಟಿಕೊಳ್ಳುತ್ತೇನೆಂದು ಹೊರಡುವ ನಮ್ಮ ಹುಡುಗ ಹುಡುಗಿಯರು ಇದನ್ನು ಮೊದಲು ತಿಳಿದಿರಬೇಕು.

ಭಾರತದ ಕಥೆಯೇ ಬೇರೆ, ಇನ್ನೂ ನೋವಿನದು. ಇಲ್ಲಿ ಪ್ಯಾಪ್ ಎಲ್ಲರಿಗೂ ಸಿಕ್ಕಿ ಆಮೇಲೆ ಹೋದದ್ದಲ್ಲ, ಸಿಗಲೇ ಇಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 30ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಒಮ್ಮೆಯಾದರೂ ಗರ್ಭಕೊರಳಿನ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ. ಗ್ಲೋಬೊಕಾನ್ ಎಂಬ ಜಾಗತಿಕ ಕ್ಯಾನ್ಸರ್ ಅಂದಾಜಿನಂತೆ 2022ರಲ್ಲಿ ದೇಶದಲ್ಲಿ ಈ ಕ್ಯಾನ್ಸರ್ ತಗುಲಿದವರು ಸುಮಾರು 1 ಲಕ್ಷ 27 ಸಾವಿರ, ತೀರಿಕೊಂಡವರು ಸುಮಾರು 80 ಸಾವಿರ. ತರಬೇತಾದ ಕಣ್ಣುಗಳು ಸಾಲದೆಂಬ ಕಾರಣವೂ ಸೇರಿ 2016ರ ಸರ್ಕಾರಿ ಮಾರ್ಗಸೂಚಿ ವಿನೆಗರ್ ಹಚ್ಚಿ ಬರಿಗಣ್ಣಲ್ಲಿ ನೋಡುವ ವಿಐಎ ಪರೀಕ್ಷೆಯನ್ನೇ ಆರಿಸಿಕೊಂಡಿತು. ವಿಶ್ವ ಆರೋಗ್ಯ ಸಂಸ್ಥೆ 2030ಕ್ಕೆ ಇಟ್ಟಿರುವ ಗುರಿಯಲ್ಲಿ ಶೇಕಡ 70ರಷ್ಟು ಮಹಿಳೆಯರ ತಪಾಸಣೆ ಸೇರಿದೆ. ಅದರತ್ತ ನಾವು ಹೆಜ್ಜೆ ಇಟ್ಟರೆ ವಿಐಎಯಲ್ಲೋ ವೈರಸ್ ಪರೀಕ್ಷೆಯಲ್ಲೋ ಅನುಮಾನ ಬಂದ ಮಹಿಳೆಯರ ಸ್ಮಿಯರ್ ಓದಲು ಜಿಲ್ಲೆಗೊಬ್ಬಿಬ್ಬರು ನುರಿತವರಾದರೂ ಬೇಕೇ ಬೇಕು. ಆ ಹುದ್ದೆಗಳು ಜಿಲ್ಲಾ ಆಸ್ಪತ್ರೆಗಳಲ್ಲಿ ಸೃಷ್ಟಿಯಾಗಬೇಕು.

ಗರ್ಭಕೊರಳಿನ ಆಚೆಗೂ ಕೋಶಶಾಸ್ತ್ರದಲ್ಲಿ ಅನ್ನ ಇದೆ. ನಮ್ಮ ದೇಶದಲ್ಲಿ ಈ ವಿಭಾಗವನ್ನು ನಡೆಸುತ್ತಿರುವುದೇ ಸೂಜಿ ಪರೀಕ್ಷೆ, ಲ್ಯಾಬಿನವರ ಬಾಯಲ್ಲಿ ಎಫ್‌ಎನ್‌ಎಸಿ. ಕುತ್ತಿಗೆಯ ಗಂಟು, ಥೈರಾಯ್ಡ್, ಸ್ತನದ ಗಡ್ಡೆ ಯಾವುದಕ್ಕೂ ಮೊದಲು ಸೂಜಿ. ಕಡಿಮೆ ಖರ್ಚು, ಬೇಗ ಫಲಿತಾಂಶ. ಇತ್ತೀಚೆಗೆ ದೊಡ್ಡ ಆಸ್ಪತ್ರೆಗಳಲ್ಲಿ ಎಂಡೋಸ್ಕೋಪಿ ಕೋಣೆಗೇ ತಂತ್ರಜ್ಞರನ್ನು ಕರೆಯುತ್ತಾರೆ. ಶ್ವಾಸಕೋಶದ ನಡುವಿನ ಗ್ರಂಥಿಗೋ ಮೇದೋಜೀರಕಕ್ಕೋ ಸೂಜಿ ಹೋದ ಕ್ಷಣದಲ್ಲೇ ಪಕ್ಕದ ಟ್ರಾಲಿಯ ಮೇಲೆ ಟಾಲುಯಿಡಿನ್ ಬ್ಲೂ ಹಾಕಿ, ಬೇಕಾದ ಕೋಶ ಬಂದಿದೆಯೋ ಇಲ್ಲವೋ ಹೇಳಬೇಕು. ಬಂದಿಲ್ಲವಾದರೆ ರೋಗಿ ಮೇಜಿನ ಮೇಲಿರುವಾಗಲೇ ಇನ್ನೊಮ್ಮೆ ಸೂಜಿ. ರೋಸ್ ಎಂದು ಕರೆಯುವ ಈ ಕೆಲಸ ಕಲಿತವರಿಗೆ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಒಳ್ಳೆಯ ಬೆಲೆಯಿದೆ. ಶ್ವಾಸಕೋಶದ ನೀರಿನಲ್ಲಿ ಸಿಕ್ಕ ಕೋಶಗಳಿಂದಲೇ ಸೆಲ್ ಬ್ಲಾಕ್ ಮಾಡಿ ಜೀನ್ ಪರೀಕ್ಷೆಗೆ ಕಳಿಸುವುದು ಈಗ ಸಾಮಾನ್ಯವಾಗುತ್ತಿದೆ. ಬೆನ್ನುಹುರಿಯ ದ್ರವದಲ್ಲಾದರೆ ಕೋಶಗಳು ಗಂಟೆಯೊಳಗೇ ಕರಗತೊಡಗುತ್ತವೆ, ಮಾದರಿ ಬಂದ ಕೂಡಲೇ ಕೈಗೆತ್ತಿಕೊಳ್ಳಬೇಕು. ಇದನ್ನೆಲ್ಲ ಕೈಯಾರೆ ಮಾಡಬಲ್ಲವರು ವಿರಳ. ಬಣ್ಣ ಹಾಕಲು ಬರುತ್ತದೆ ಎಂಬವರು ಬೇಕಾದಷ್ಟು ಸಿಗುತ್ತಾರೆ, ಪ್ಯಾಪ್‌ಗೆ ಹೋಗಬೇಕಾದ ಸ್ಮಿಯರ್ ಮದ್ಯಸಾರಕ್ಕೆ ಬೀಳುವ ಮುನ್ನ ಒಣಗಿದರೆ ನ್ಯೂಕ್ಲಿಯಸ್ ಊದಿಕೊಂಡು ಓದಲಾಗದು ಎಂಬ ಎಚ್ಚರವಿರುವವರು ಕಡಿಮೆ.

ರಕ್ತದ ವಿಭಾಗದಲ್ಲಿ ಹುದ್ದೆಗಳು ಅತಿ ಹೆಚ್ಚು. ವ್ಯಾಲೇಸ್ ಕೌಲ್ಟರ್ 1953ರಲ್ಲಿ ಪೇಟೆಂಟ್ ಪಡೆದ ತತ್ತ್ವ, ಅಂದರೆ ಸಣ್ಣ ರಂಧ್ರದಲ್ಲಿ ಕೋಶ ಹಾಯುವಾಗ ವಿದ್ಯುತ್ ಹರಿವಿನಲ್ಲಾಗುವ ಏರುಪೇರು, ಇವತ್ತಿಗೂ ತಾಲ್ಲೂಕು ಆಸ್ಪತ್ರೆಯ ಸಿಬಿಸಿ ಯಂತ್ರದೊಳಗೆ ದುಡಿಯುತ್ತಿದೆ. ಯಂತ್ರ ಬಂದ ಮೇಲೆ ಎಣಿಸುವ ಕೆಲಸ ಹೋಯಿತು, ಯಂತ್ರ ಅನುಮಾನಿಸಿದ್ದನ್ನು ಬಗೆಹರಿಸುವ ಕೆಲಸ ಉಳಿಯಿತು. ಅದು ಎಷ್ಟು ಮುಖ್ಯವೆಂದು ತಿಳಿಯಲು ರಾತ್ರಿ ಪಾಳಿಯ ಒಂದು ಸಂದರ್ಭ ಸಾಕು. ವಸಡಿನಲ್ಲಿ ರಕ್ತ, ಮೈಮೇಲೆ ನೀಲಿ ಕಲೆ ಇರುವ ಯುವಕನ ರಕ್ತ ಬರುತ್ತದೆ. ಯಂತ್ರ ಬ್ಲಾಸ್ಟ್, ಅಂದರೆ ಬಲಿಯದ ಕೋಶ ಇರಬಹುದು ಎಂದು ಸೂಚನೆ ಕೊಡುತ್ತದೆ. ಸ್ಮಿಯರಿನಲ್ಲಿ ಕಾಳುಕಾಳಾದ ದೊಡ್ಡ ಕೋಶಗಳು, ಕೆಲವದರೊಳಗೆ ಕಡ್ಡಿಗಳ ಕಟ್ಟು. ಅವು ಔಅರ್ ಕಡ್ಡಿಗಳು, ಇದು ಪ್ರೊಮೈಲೋಸೈಟಿಕ್ ರಕ್ತಕ್ಯಾನ್ಸರ್ ಇರಬಹುದು ಎಂದು ಗುರುತಿಸಿದ ತಂತ್ರಜ್ಞ ಬೆಳಗಿನವರೆಗೆ ಕಾಯದೆ ಪೆಥಾಲಜಿಸ್ಟರಿಗೆ ಫೋನ್ ಮಾಡಬೇಕು. ಈ ಕಾಯಿಲೆಯಲ್ಲಿ ಮಿದುಳಿನ ರಕ್ತಸ್ರಾವದಿಂದ ಮೊದಲ ದಿನಗಳಲ್ಲೇ ಸಾವು ಬರಬಹುದು, ಅನುಮಾನ ಬಂದ ಕೂಡಲೇ ಎಟಿಆರ್‌ಎ ಮಾತ್ರೆ ಶುರುವಾದರೆ ಗುಣವಾಗುವ ಸಾಧ್ಯತೆ ತುಂಬಾ ಹೆಚ್ಚು. ಆ ಫೋನ್ ಕರೆ ಮಾಡುವಷ್ಟು ಕಣ್ಣೂ ಧೈರ್ಯವೂ ಇರುವವರನ್ನು ಯಾವ ಲ್ಯಾಬೂ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

ಸರ್ಕಾರಿ ಕೆಲಸದ ಆಸೆಯಿರುವವರಿಗೂ ಇಲ್ಲೇ ಬಾಗಿಲು. ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆ, ನಮ್ಮ ಕ್ಲಿನಿಕ್ ಎಲ್ಲದರಲ್ಲೂ ಪ್ರಯೋಗಶಾಲಾ ತಂತ್ರಜ್ಞರ ಸ್ಥಾನವಿದೆ. ಮಲೇರಿಯಾ ಇಲ್ಲ ಎಂದು ಬರೆಯುವ ಮುನ್ನ ದಪ್ಪ ಸ್ಮಿಯರಿನ ಕನಿಷ್ಠ 100 ಫೀಲ್ಡ್ ನೋಡಬೇಕೆಂಬ ನಿಯಮವನ್ನು ಪಾಲಿಸುವವರು ಈ ಕೇಂದ್ರಗಳಲ್ಲೇ ಇದ್ದಾರೆ. ಹುದ್ದೆಗಳಲ್ಲಿ ಬಹಳಷ್ಟು ಗುತ್ತಿಗೆಯವು ಎಂಬುದು ದುಃಖದ ಸಂಗತಿ. ರೈಲ್ವೆ ಪ್ಯಾರಾಮೆಡಿಕಲ್ ನೇಮಕಾತಿಯಲ್ಲಿ ಲ್ಯಾಬ್ ಸೂಪರಿಂಟೆಂಡೆಂಟ್ ಹುದ್ದೆಯ ಮೂಲವೇತನ 35,400 ರೂಪಾಯಿ, ಲ್ಯಾಬ್ ಅಸಿಸ್ಟೆಂಟ್ ಹುದ್ದೆಯದು 21,700. ಹುದ್ದೆಗಳು ಕಡಿಮೆ, ಸ್ಪರ್ಧೆ ವಿಪರೀತ. ಖಾಸಗಿ ಲ್ಯಾಬುಗಳಲ್ಲಿ ಡಿಪ್ಲೊಮಾ ಮುಗಿಸಿದವರಿಗೆ ಸಣ್ಣ ಊರುಗಳಲ್ಲಿ ಸಾಮಾನ್ಯವಾಗಿ ಸಿಗುವ ಆರಂಭದ ಸಂಬಳ ಬೆಂಗಳೂರಿನ ಒಂದು ಕೋಣೆಯ ಬಾಡಿಗೆಗೂ ಊಟಕ್ಕೂ ಸರಿಹೋಗುವಷ್ಟೇ. ಇದನ್ನು ಮುಚ್ಚಿಟ್ಟು ಮಕ್ಕಳನ್ನು ಈ ಓದಿಗೆ ಸೇರಿಸುವುದು ಅನ್ಯಾಯ. ಸಂಬಳ ಏರುವುದು ಏನಾದರೊಂದು ವಿಶೇಷ ಕೌಶಲ ಕೈಗೆ ಬಂದ ಮೇಲೆ.

ಆ ವಿಶೇಷ ಕೌಶಲಗಳಲ್ಲಿ ಈಗ ಮುಂದಿರುವುದು ಫ್ಲೋ ಸೈಟೋಮೆಟ್ರಿ. 1960ರ ದಶಕದ ಕೊನೆಯಲ್ಲಿ ಸ್ಟ್ಯಾನ್‌ಫರ್ಡಿನ ಲೆನರ್ಡ್ ಹರ್ಜನ್‌ಬರ್ಗ್ ಮತ್ತು ಸಂಗಡಿಗರು ಹೊಳೆಯುವ ಬಣ್ಣ ಅಂಟಿಸಿದ ಕೋಶಗಳನ್ನು ಬೆಳಕಿನ ಮುಂದೆ ಒಂದೊಂದಾಗಿ ಹಾಯಿಸಿ ಬೇರ್ಪಡಿಸುವ ಯಂತ್ರ ಕಟ್ಟಿದರು. ಇಂದು ರಕ್ತಕ್ಯಾನ್ಸರ್ ಯಾವ ಬಗೆಯದೆಂದು ಹೇಳುವುದು ಇದರಿಂದ. ಚಿಕಿತ್ಸೆಯ ನಂತರ ಹತ್ತು ಸಾವಿರ ಕೋಶಗಳಲ್ಲಿ ಒಂದು ಕ್ಯಾನ್ಸರ್ ಕೋಶ ಉಳಿದಿದ್ದರೂ ಹುಡುಕಿಕೊಡುವುದು ಇದು. ಅಸ್ಥಿಮಜ್ಜೆ ಕಸಿಗೆ ಕೋಶ ಸಂಗ್ರಹಿಸುವಾಗ ರೋಗಿಯ ತೂಕದ ಪ್ರತಿ ಕಿಲೋಗೆ ಕನಿಷ್ಠ 20 ಲಕ್ಷ ಸಿಡಿ34 ಕಾಂಡಕೋಶ ಸಿಕ್ಕಿತೇ ಎಂದು ಎಣಿಸುವುದೂ ಇದೇ. ಕಸಿ ನಡೆಸುವ ಪ್ರತಿ ಕೇಂದ್ರಕ್ಕೂ ಈ ಎಣಿಕೆ ಬೇಕು.

ಇಲ್ಲಿ ಒಂದು ಪಾಠವನ್ನೂ ನೆನಪಿಡಬೇಕು. 2004ರಲ್ಲಿ ದೇಶದಲ್ಲಿ ಉಚಿತ ಎಚ್‌ಐವಿ ಚಿಕಿತ್ಸೆ ಶುರುವಾದಾಗ ಔಷಧ ಆರಂಭಿಸಬೇಕೋ ಬೇಡವೋ ಎಂಬುದು ರೋಗನಿರೋಧಕ ಸಿಡಿ4 ಕೋಶಗಳ ಎಣಿಕೆಯ ಮೇಲೆ ನಿಂತಿತ್ತು. ಅದಕ್ಕೆಂದೇ ಫ್ಲೋ ಯಂತ್ರಗಳು ಬಂದವು, ಜನ ತರಬೇತಾದರು. 2017ರಲ್ಲಿ ಸೋಂಕಿರುವ ಎಲ್ಲರಿಗೂ ಕೂಡಲೇ ಚಿಕಿತ್ಸೆ ಎಂಬ ನೀತಿ ಬಂದ ಮೇಲೆ ಸಿಡಿ4ರ ಆ ಪಾತ್ರ ಮುಗಿಯಿತು, ನಿಗಾ ಇಡುವ ಕೆಲಸ ವೈರಲ್ ಲೋಡ್ ಪರೀಕ್ಷೆಯ ಪಾಲಾಯಿತು. ಒಂದೇ ಯಂತ್ರದ ಗುಂಡಿ ಒತ್ತಲು ಕಲಿತವನ ಕಲಿಕೆ ಅಲ್ಲಿಗೇ ನಿಂತಿತು. ಗೇಟಿಂಗ್, ಅಂದರೆ ಬೇಕಾದ ಕೋಶಗಳ ಗುಂಪನ್ನು ಬೇರೆಮಾಡಿ ನೋಡುವುದು, ಯಾಕೆ ಹಾಗೆ ಮಾಡುತ್ತೇವೆ, ಬಣ್ಣಗಳು ಒಂದರ ಮೇಲೊಂದು ಚೆಲ್ಲಿದಾಗ ಸರಿಪಡಿಸುವುದು ಹೇಗೆ ಎಂದು ಅರ್ಥಮಾಡಿಕೊಂಡವನು ಅದೇ ತಿಳಿವಿನಿಂದ ಲ್ಯುಕೀಮಿಯಾ ಪ್ಯಾನಲ್‌ಗೆ ಹೋಗಬಲ್ಲ.

ಫ್ಲೋ ಸೈಟೋಮೆಟ್ರಿಯಲ್ಲಿ ಬೆಂಗಳೂರಿಗೆ ವಿಶೇಷ ಅನುಕೂಲವಿದೆ. ರೋಗಿಯ ಟಿ ಕೋಶಗಳನ್ನೇ ತೆಗೆದು, ಮಾರ್ಪಡಿಸಿ, ಮತ್ತೆ ದೇಹಕ್ಕೆ ಸೇರಿಸುವ ಕಾರ್-ಟಿ ಚಿಕಿತ್ಸೆಗೆ ಭಾರತದಲ್ಲಿ ಮೊದಲ ಅನುಮತಿ ಸಿಕ್ಕಿದ್ದು 2023ರ ಅಕ್ಟೋಬರಿನಲ್ಲಿ, ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯ ಸಂಶೋಧನೆಯಿಂದ ಬಂದ ನೆಕ್ಸ್‌ಕಾರ್19ಗೆ. ಬೆಂಗಳೂರಿನ ಇಮ್ಯುನೀಲ್ ಸಂಸ್ಥೆ ತನ್ನ ಕ್ವಾರ್ಟೆಮಿಯನ್ನು 2025ರ ಜನವರಿಯಲ್ಲಿ ತಂದಿತು. ಇಲ್ಲಿ ಔಷಧವೇ ಜೀವಂತ ಕೋಶ. ಎಷ್ಟು ಕೋಶ ಬದುಕಿವೆ, ಎಷ್ಟು ಮಾರ್ಪಟ್ಟಿವೆ, ರೋಗಿಯ ದೇಹದಲ್ಲಿ ಆಮೇಲೆ ಎಷ್ಟು ಉಳಿದಿವೆ ಎಂದು ಹೆಜ್ಜೆಹೆಜ್ಜೆಗೂ ಅಳೆಯಬೇಕು. ಇದಲ್ಲದೆ ಭಾರತೀಯ ವಿಜ್ಞಾನ ಸಂಸ್ಥೆ, ಎನ್‌ಸಿಬಿಎಸ್‌ನಂಥ ಕಡೆ ಸಂಶೋಧಕರೆಲ್ಲರಿಗೂ ಸೇವೆ ಕೊಡುವ ಫ್ಲೋ ಕೇಂದ್ರಗಳಿವೆ. ಸಿಂಜೀನ್, ಬಯೋಕಾನ್‌ನಂಥ ಔಷಧ ಸಂಶೋಧನಾ ಕಂಪನಿಗಳಿವೆ. ಉಪಕರಣ ತಯಾರಿಸುವ ಕಂಪನಿಗಳು ಆಸ್ಪತ್ರೆಗಳಿಗೆ ಹೋಗಿ ಯಂತ್ರ ಕಲಿಸಿಕೊಡಲು ಅಪ್ಲಿಕೇಷನ್ ಸ್ಪೆಷಲಿಸ್ಟ್‌ಗಳನ್ನು ಇಟ್ಟುಕೊಳ್ಳುತ್ತವೆ. ಲ್ಯಾಬಿನ ಬೆಂಚಿನಿಂದ ಎದ್ದು ಈ ಕಡೆ ಹೋದವರ ಸಂಬಳ ಬೇಗ ಏರುತ್ತದೆ, ಬದಲಿಗೆ ಊರೂರು ಸುತ್ತಬೇಕು.

ವರ್ಣತಂತು ಅಧ್ಯಯನ, ಐವಿಎಫ್ ಲ್ಯಾಬ್ ಇವೂ ಹತ್ತಿರದ ದಾರಿಗಳೇ. ಬಂಜೆತನ ಚಿಕಿತ್ಸೆಗೆ 2021ರ ಕಾಯ್ದೆ ಬಂದ ಮೇಲೆ ಐವಿಎಫ್ ಕೇಂದ್ರಗಳಿಗೆ ಅರ್ಹ ಎಂಬ್ರಿಯಾಲಜಿಸ್ಟರು ಬೇಕೇ ಬೇಕಾಗಿದ್ದಾರೆ. ಆದರೆ ಅದಕ್ಕೆ ಸ್ನಾತಕೋತ್ತರ ಓದು ಬೇಕು.

ಎಐ ಬಂದರೆ ಎಲ್ಲ ಮುಗಿಯಿತಲ್ಲ ಎಂದು ಕೇಳುವವರಿದ್ದಾರೆ. ಪ್ಯಾಪ್‌ನೆಟ್ ಎಂಬ ನರಜಾಲ ತಂತ್ರಾಂಶಕ್ಕೆ ಅಮೆರಿಕದಲ್ಲಿ 1995ರಲ್ಲೇ ಅನುಮತಿ ಸಿಕ್ಕಿತ್ತು, 1999ರ ಹೊತ್ತಿಗೆ ಅದರ ಕಂಪನಿಯೇ ದಿವಾಳಿಯಾಯಿತು. ಹಾಗೆಂದು ಈ ಸಲವೂ ಹಾಗೇ ಆಗುತ್ತದೆಂದು ನಾನು ಹೇಳಲಾರೆ. ಗಾಜಿನ ಸ್ಲೈಡನ್ನು ಪೂರ್ತಿ ಚಿತ್ರವಾಗಿಸಿ ಅನುಮಾನದ ಕೋಶಗಳನ್ನು ಪರದೆಗೆ ತರುವ ವ್ಯವಸ್ಥೆಗೆ ಅಮೆರಿಕದ ಎಫ್‌ಡಿಎ 2024ರಲ್ಲಿ ಒಪ್ಪಿಗೆ ಕೊಟ್ಟಿದೆ. 2015ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸಿಗ್‌ಟಪಲ್ ರಕ್ತದ ಸ್ಮಿಯರನ್ನು ತಾನೇ ಚಿತ್ರ ತೆಗೆದು ಕೋಶಗಳನ್ನು ವಿಂಗಡಿಸುವ ಯಂತ್ರ ಮಾಡಿದೆ. ಸರಳ ಸ್ಲೈಡುಗಳನ್ನು ಗಂಟೆಗಟ್ಟಲೆ ನೋಡುವ ಕೆಲಸ ಕಡಿಮೆಯಾಗುವುದು ಖಂಡಿತ. ಆದರೆ ಯಂತ್ರಕ್ಕೆ ಯಾವುದು ಬ್ಲಾಸ್ಟ್, ಯಾವುದು ಪ್ರತಿಕ್ರಿಯೆಯ ಲಿಂಫೋಸೈಟ್ ಎಂದು ಮೊದಲು ಗುರುತು ಹಾಕಿಕೊಟ್ಟವರು ಯಾರು? ಕಣ್ಣು ಪಳಗಿದವರೇ. ಕೆಟ್ಟದಾಗಿ ಎಳೆದ, ಕೆಟ್ಟದಾಗಿ ಬಣ್ಣ ಹಾಕಿದ ಸ್ಮಿಯರನ್ನು ಯಾವ ತಂತ್ರಾಂಶವೂ ಓದಲಾರದು. ಹಾಗಾಗಿ ಮಾದರಿ ತಯಾರಿ, ಗುಣಮಟ್ಟದ ನಿಗಾ, ಯಂತ್ರ ತಪ್ಪಿದಾಗ ಹಿಡಿಯುವ ಸಾಮರ್ಥ್ಯ ಇವುಗಳಿಗೆ ಬೆಲೆ ಹೆಚ್ಚುತ್ತದೆಂದು ನಾನು ನಂಬಿದ್ದೇನೆ. ಐಎಸ್‌ಒ 15189 ಮಾನದಂಡದಂತೆ ಎನ್‌ಎಬಿಎಲ್ ಮಾನ್ಯತೆ ಪಡೆಯುವ ಲ್ಯಾಬುಗಳು ಗುಣಮಟ್ಟ ನೋಡಿಕೊಳ್ಳಲೆಂದೇ ಹುದ್ದೆ ಇಟ್ಟಿವೆ.

ಓದಿನ ದಾರಿಗಳು ನಮ್ಮಲ್ಲಿ ಗೋಜಲಾಗಿವೆ. ಪ್ಯಾರಾಮೆಡಿಕಲ್ ಮಂಡಳಿಯ ಡಿಎಂಎಲ್‌ಟಿ ಒಂದು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ, ಮಣಿಪಾಲ, ಮೈಸೂರಿನ ಜೆಎಸ್‌ಎಸ್‌ನಂಥ ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಿ ಬಿಎಸ್ಸಿ ಎಂಎಲ್‌ಟಿ, ಮುಂದೆ ಎಂಎಸ್ಸಿ. ಸೈಟಾಲಜಿಯನ್ನೇ ಕಸುಬಾಗಿಸಿಕೊಳ್ಳುವವರಿಗೆ 1970ರಲ್ಲಿ ಶುರುವಾದ ಇಂಡಿಯನ್ ಅಕಾಡೆಮಿ ಆಫ್ ಸೈಟಾಲಜಿಸ್ಟ್ಸ್ ನಡೆಸುವ ಪರೀಕ್ಷೆ ಬಹಳ ಗೌರವದ್ದು. 1979ರಲ್ಲಿ ಐಸಿಎಂಆರ್‌ನ ಸೈಟಾಲಜಿ ಕೇಂದ್ರವಾಗಿ ಹುಟ್ಟಿ ಈಗ ನೋಯ್ಡಾದಲ್ಲಿರುವ ರಾಷ್ಟ್ರೀಯ ಕ್ಯಾನ್ಸರ್ ತಡೆ ಸಂಸ್ಥೆಯ ಹೆಸರೂ ಇಲ್ಲಿ ನೆನೆಯಬೇಕಾದದ್ದು. ನಮ್ಮದೇ ಕಿದ್ವಾಯಿ ಸಂಸ್ಥೆ 1973ರದು, 1982ರಿಂದ ಬೆಂಗಳೂರಿನ ಕ್ಯಾನ್ಸರ್ ನೋಂದಣಿಯನ್ನು ಇಟ್ಟುಕೊಂಡು ಬಂದಿದೆ. ಅಲ್ಲಿ ಒಂದು ದಿನ ಬರುವ ಮಾದರಿಗಳ ವೈವಿಧ್ಯ ಸಣ್ಣ ಆಸ್ಪತ್ರೆಯಲ್ಲಿ ವರ್ಷವಿಡೀ ಕೂತರೂ ಕಾಣಸಿಗದು.

ಕಾನೂನು ಈಗ ಗಂಭೀರವಾಗುತ್ತಿದೆ. 2021ರ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಕಾಯ್ದೆ ಸೈಟೋಟೆಕ್ನಾಲಜಿಸ್ಟ್ ಅನ್ನು ಹೆಸರು ಹಿಡಿದು ಪಟ್ಟಿಗೆ ಸೇರಿಸಿದೆ. ಕನಿಷ್ಠ 2,000 ಗಂಟೆ ಕಲಿತವರು ಒಂದು ದರ್ಜೆ, 3,600 ಗಂಟೆಯ ಪದವಿಯವರು ಇನ್ನೊಂದು. ನೋಂದಣಿಯಿಲ್ಲದೆ ವೃತ್ತಿ ನಡೆಸುವಂತಿಲ್ಲ. ಆರು ತಿಂಗಳ ಕೋರ್ಸು, ವಾರಾಂತ್ಯದ ಕೋರ್ಸು ಎಂದು ಹಣ ಕೀಳುವ ಕಡೆ ಸೇರಿದವರಿಗೆ ನಾಳೆ ನೋಂದಣಿ ಸಿಗದಿದ್ದರೆ ಕೈಯಲ್ಲಿ ಕಾಗದ ಮಾತ್ರ ಉಳಿಯುತ್ತದೆ. ಇನ್ನೊಂದು ಮಿತಿಯೂ ಇದೆ. ಪ್ರಯೋಗಾಲಯದ ವರದಿಗೆ ಪೆಥಾಲಜಿ ಸ್ನಾತಕೋತ್ತರ ಪದವಿಯ ನೋಂದಾಯಿತ ವೈದ್ಯರೇ ಸಹಿ ಹಾಕಬೇಕೆಂಬ ನಿಲುವನ್ನು ಸುಪ್ರೀಂ ಕೋರ್ಟ್ 2017ರ ಡಿಸೆಂಬರಿನಲ್ಲಿ ಎತ್ತಿಹಿಡಿಯಿತು. ಕೋಶ ನೋಡಿ ರೋಗ ಹೇಳುವ ವಿಷಯದಲ್ಲಿ ಅದು ಸರಿಯೇ. ಆದರೆ ಸ್ಲೈಡನ್ನು ಮೊದಲು ನೋಡಿ ಚುಕ್ಕೆ ಇಟ್ಟವರ ಹೆಸರು ವರದಿಯಲ್ಲಿ ಒಂದು ಸಾಲಾಗಿಯೂ ಬರದಿರುವುದು ನನಗೆ ಸರಿ ಕಾಣುವುದಿಲ್ಲ. ಹೆಸರಿದ್ದರೆ ಹೊಣೆಯೂ ಬರುತ್ತದೆ, ಬಡ್ತಿ ಕೇಳುವ ಬಾಯೂ ಬರುತ್ತದೆ.

ವಿದೇಶದ ಮಾತು. ಗಲ್ಫ್ ದೇಶಗಳಿಗೆ ಹೋಗುವವರು ಡೇಟಾಫ್ಲೋ ಮೂಲಕ ದಾಖಲೆ ಪರಿಶೀಲನೆ, ಪ್ರೊಮೆಟ್ರಿಕ್ ಪರೀಕ್ಷೆ ದಾಟಬೇಕು. ಕಾಲೇಜು ಮಾನ್ಯತೆ ಇಲ್ಲದ್ದಾದರೆ ಅಲ್ಲೇ ಸಿಕ್ಕಿಬೀಳುತ್ತಾರೆ. ಬಿಎಸ್ಸಿ ಎಂಎಲ್‌ಟಿಯವರು ಅಮೆರಿಕದ ಎಎಸ್‌ಸಿಪಿಐ ಪರೀಕ್ಷೆಯನ್ನು ಇಲ್ಲಿಂದಲೇ ಬರೆಯುತ್ತಾರೆ, ಅದು ಹಲವು ದೇಶಗಳಲ್ಲಿ ನೆರವಿಗೆ ಬರುತ್ತದೆ. ಬ್ರಿಟನ್ನಿನಲ್ಲಿ ಎಚ್‌ಸಿಪಿಸಿ ನೋಂದಣಿ ಬೇಕು. ಜರ್ಮನಿಗೆ ಭಾಷೆಯೇ ದೊಡ್ಡ ಬೆಟ್ಟ, ಬಿ2 ಮಟ್ಟದ ಜರ್ಮನ್ ಇಲ್ಲದೆ ಲ್ಯಾಬಿನ ಬಾಗಿಲು ತೆರೆಯುವುದು ಕಷ್ಟ. ಕೆನಡಾದಲ್ಲಿ ಕೋಶಶಾಸ್ತ್ರಕ್ಕೆ ಪ್ರತ್ಯೇಕ ಪ್ರಮಾಣೀಕರಣವೇ ಇದೆ. ಎಲ್ಲ ಕಡೆಯೂ ಒಂದು ಪ್ಯಾಪ್ ಮಾತ್ರ ಬಲ್ಲವರಿಗಿಂತ ರಕ್ತ, ದ್ರವ, ಫ್ಲೋ ಮೂರನ್ನೂ ನೋಡಿದವರಿಗೆ ಅವಕಾಶ ಹೆಚ್ಚು.

ಈ ಕೆಲಸ ಮೈಗೂ ಭಾರ. ಕತ್ತು, ಭುಜ, ಕಣ್ಣು ಹತ್ತು ವರ್ಷದಲ್ಲಿ ದೂರು ಹೇಳುತ್ತವೆ. ಕ್ಸೈಲೀನ್, ಫಾರ್ಮಲಿನ್ ಉಸಿರಾಡುವ ಕೋಣೆಗೆ ಸರಿಯಾದ ಗಾಳಿ ಹೊರಹಾಕುವ ವ್ಯವಸ್ಥೆ ಎಷ್ಟೋ ಕಡೆ ಇಲ್ಲ. ಎತ್ತರ ಹೊಂದಿಸಬಲ್ಲ ಕುರ್ಚಿ, ಗಂಟೆಗೊಮ್ಮೆ ಕಣ್ಣಿಗೆ ಬಿಡುವು ಇವನ್ನು ನೌಕರರು ಕೇಳಿ ಪಡೆಯಬೇಕು.

ಈಗ ಸೇರಬೇಕೆಂದಿರುವ ಹುಡುಗ ಹುಡುಗಿಯರೇ, ಕಾಲೇಜಿಗೆ ಹೋದಾಗ ಕಟ್ಟಡವನ್ನಷ್ಟೇ ನೋಡಿ ಬರಬೇಡಿ. ನಿಮ್ಮ ಆಸ್ಪತ್ರೆಗೆ ದಿನಕ್ಕೆ ಎಷ್ಟು ಸೈಟಾಲಜಿ ಮಾದರಿ ಬರುತ್ತದೆ ಎಂದು ಕೇಳಿ. ವಿದ್ಯಾರ್ಥಿಗಳಿಗೆ ಪೆಥಾಲಜಿಸ್ಟ್ ಪಕ್ಕ ಕೂರಿಸಿಕೊಂಡು ತೋರಿಸಲು ಎರಡು ತಲೆಯ ಸೂಕ್ಷ್ಮದರ್ಶಕ ಇದೆಯೇ, ಹಳೆಯ ಪಾಸಿಟಿವ್ ಸ್ಲೈಡುಗಳ ಬೋಧನಾ ಸಂಗ್ರಹ ಇದೆಯೇ ಎಂದು ನೋಡಿ. ಇಂಟರ್ನ್‌ಶಿಪ್‌ನಲ್ಲಿ ಸ್ಮಿಯರ್ ಓದಲು ಬಿಡುತ್ತಾರೋ, ರಕ್ತ ತೆಗೆಯುವ ಕೌಂಟರಿನಲ್ಲೇ ವರ್ಷ ಕಳೆಸುತ್ತಾರೋ ಎಂದು ಹಿರಿಯ ವಿದ್ಯಾರ್ಥಿಗಳನ್ನು ಹೊರಗೆ ಕರೆದು ಕೇಳಿ. ಕೋರ್ಸು 2021ರ ಕಾಯ್ದೆಯಡಿ ನೋಂದಣಿಗೆ ಅರ್ಹವೋ ಎಂಬುದನ್ನು ಬರಹದಲ್ಲಿ ಪಡೆಯಿರಿ. ಸೇರಿದ ಮೇಲೆ ನೋಡಿದ ಪ್ರತಿ ಸ್ಲೈಡಿಗೂ ನಿಮ್ಮ ಅಂದಾಜು ಏನಿತ್ತು, ಅಂತಿಮ ವರದಿ ಏನು ಬಂತು ಎಂದು ಒಂದು ದಪ್ಪ ಪುಸ್ತಕದಲ್ಲಿ ಬರೆದಿಡಿ, ರೋಗಿಯ ಹೆಸರು ಮಾತ್ರ ಬೇಡ. ಕೆಲಸದ ಸಂದರ್ಶನಕ್ಕೆ ಹೋಗುವಾಗ ಅಂಕಪಟ್ಟಿಯ ಜೊತೆ ಆ ಪುಸ್ತಕವನ್ನೂ ತೆಗೆದುಕೊಂಡು ಹೋಗಿ.